ಎರಡು ಕಡ್ಡಿ, ಮೂರು ಒಲೆ

ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣವನ್ನು ನನ್ನ ಕೈಗೆ ಸಿಗದ ಹಾಗೆ ಎತ್ತಿಡುತ್ತಾರೆ. ನನ್ನಿಂದ ಏನಾದರೂ ಅನಾಹುತವಾದೀತು ಎಂಬ ಭಯಕ್ಕಲ್ಲ. ನನ್ನಿಂದ ಏನೂ ಆಗುವುದಿಲ್ಲ ಎಂಬ ಅನುಭವಕ್ಕೆ. ಒಂದು ದೀಪ ಹಚ್ಚುವಷ್ಟರಲ್ಲಿ ನಾನು ಅರ್ಧ ಪೊಟ್ಟಣ ಖಾಲಿ ಮಾಡುತ್ತೇನೆ. ಮೊದಲನೆಯ ಕಡ್ಡಿ ಮುರಿಯುತ್ತದೆ. ಎರಡನೆಯದು ಬುಸ್ ಎಂದು ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಮೂರನೆಯದನ್ನು ಗೀರುವ ಮುಂಚೆ ನನ್ನ ಕೈ ಒಂದು ಕ್ಷಣ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ನಮ್ಮ ಮನೆಯಾಕೆ ಬಂದು ಪೊಟ್ಟಣ ಕಿತ್ತುಕೊಂಡಿರುತ್ತಾಳೆ.

"ಬ್ಯಾಡ್ಜ್ ತಗೊಂಡ ಕೈ ಕಣಮ್ಮಾ ಅದು. ಉರಿಯೋ ಒಲೆ ಮುಟ್ಟುದ್ರೂ ಆರೋಯ್ತದೆ," ಎಂದು ಸೊಸೆಗೆ ಹೇಳುತ್ತಾಳೆ, ನನಗೆ ಕೇಳುವ ಹಾಗೆ.

ಬ್ಯಾಡ್ಜಿನ ಮಾತು ಸುಳ್ಳಲ್ಲ. ನಮ್ಮ ಮದುವೆಯ ಪೇಟ ಇರುವ ಟ್ರಂಕಿನಲ್ಲೇ ಅದೂ ಇದೆ. ಗುಂಡಗಿನ ಒಂದು ಬಟ್ಟೆ ತುಂಡು, ಅದರ ಮೇಲೆ ದಾರದಲ್ಲಿ ಕಸೂತಿ ಮಾಡಿದ ಒಂದು ಪಾತ್ರೆ, ಪಾತ್ರೆಯ ಕೆಳಗೆ ಕೆಂಪು ದಾರದ ಮೂರು ಉರಿ. ಬಯಲಿನಲ್ಲಿ ಒಲೆ ಹೂಡಿ, ಎರಡೇ ಎರಡು ಕಡ್ಡಿಯಲ್ಲಿ ಬೆಂಕಿ ಹಚ್ಚಿ, ಅನ್ನ ಸಾರು ಮಾಡಬಲ್ಲವನು ಎಂದು ಮಹಾರಾಜರ ಕಾಲದಲ್ಲಿ ಪರೀಕ್ಷೆಯಾಗಿ ತೇರ್ಗಡೆ ಹೊಂದಿದ ಮನುಷ್ಯ ನಾನು. ಆ ಕೆಲಸವನ್ನು ನಮ್ಮವ್ವ ದಿನಕ್ಕೆ ಎರಡು ಸಲ ಮಾಡುತ್ತಿದ್ದಳು. ಅವಳಿಗೆ ಯಾರೂ ಬ್ಯಾಡ್ಜು ಕೊಡಲಿಲ್ಲ. ಅವಳು ಸ್ಕೌಟಾಗಿರಲಿಲ್ಲ ನೋಡಿ.

ನಾನು ಸ್ಕೌಟಾದದ್ದು ಚಡ್ಡಿಯ ಆಸೆಗೆ. ನಮ್ಮ ಊರು ಹೊಸ ಅಗ್ರಹಾರದ ಕಡೆ. ಓದಲೆಂದು ನನ್ನನ್ನು ಹುಣಸೂರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಸ್ಕೌಟ್ ದಳಕ್ಕೆ ಸೇರಿದರೆ ಖಾಕಿ ಚಡ್ಡಿ ಹೊಲಿಸಬೇಕಾಗುತ್ತದೆ, ಖಾಕಿ ತೊಟ್ಟರೆ ಊರಿನಲ್ಲಿ ಪೊಲೀಸರವನೆಂದು ತಿಳಿದಾರು ಎಂಬುದು ನನ್ನ ಲೆಕ್ಕಾಚಾರ. ಅತ್ತೆ ಬೆಳೆಯುವ ಹುಡುಗನೆಂದು ದರ್ಜಿಗೆ ಹೇಳಿ, ಇನ್ನೊಬ್ಬ ಸ್ಕೌಟು ಒಳಗೆ ವಾಸ ಮಾಡಬಹುದಾದಷ್ಟು ಅಗಲಕ್ಕೆ ಹೊಲಿಸಿದಳು. ಆ ಚಡ್ಡಿಯಲ್ಲಿ ನಾನು ನಿಂತಿದ್ದರೂ ಗಾಳಿಗೆ ನಡೆಯುತ್ತಿರುವಂತೆ ಕಾಣುತ್ತಿದ್ದೆ.

ದಳವನ್ನು ನಡೆಸುತ್ತಿದ್ದವರು ಅನಂತಯ್ಯ ಮೇಷ್ಟ್ರು. ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದರು. ಒಳ್ಳೆಯವರು, ನಿಯಮಗಳಲ್ಲಿ ಅಪಾರ ನಂಬಿಕೆ, ಕಾಫಿಯಲ್ಲಿ ಅದಕ್ಕಿಂತ ಒಂದು ತೂಕ ಹೆಚ್ಚು. ಬೇಸಿಗೆ ರಜ ಬಂತೆಂದರೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಯಾವುದಾದರೂ ತಾಲ್ಲೂಕಿಗೆ ಹೊರಡಿಸುತ್ತಿದ್ದರು. ಆಯಾ ತಾಲ್ಲೂಕಿನವರು ನಮ್ಮನ್ನು ಹೇಗೋ ಸಹಿಸಿಕೊಂಡರು.

ನಮ್ಮ ಸಾಧನೆಗಳನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವ ಹಾಗೆ ಕಾಣುವುದಿಲ್ಲ. ಪಿರಿಯಾಪಟ್ಟಣದ ಬಳಿ ಒಂದು ಹುಣಸೆ ಮರದ ಎತ್ತರವನ್ನು ಹತ್ತದೆ, ಬರಿಯ ಕೋಲಿನಿಂದ ನೆರಳು ಅಳೆದು ಕಂಡುಹಿಡಿದೆವು. ಮೂರು ತಂಡ, ಮೂರು ಉತ್ತರ. ಮೇಷ್ಟ್ರು ಅವುಗಳಲ್ಲಿ ದೊಡ್ಡದನ್ನು ಆರಿಸಿದರು. ಖಾಕಿಯವರು ಬಂದು ಮರ ಅಳೆಯುತ್ತಿರುವುದನ್ನು ಕಂಡ ಅದರ ಒಡೆಯ ಓಡಿ ಬಂದ. "ಕಡೀಬ್ಯಾಡಿ ಬುದ್ಧೀ, ಅಪ್ಪನ ಕಾಲದ ಮರ," ಎಂದು ಕೈಮುಗಿದು ಎಲ್ಲರಿಗೂ ಎಳನೀರು ಕೆತ್ತಿ ಕೊಟ್ಟ. ನಾವು ಎಳನೀರು ಕುಡಿದು, ಕಡಿಯುವುದಿಲ್ಲವೆಂದು ಭರವಸೆ ಕೊಟ್ಟು ಬಂದೆವು. ಒಂದು ಮರವನ್ನು ಉಳಿಸಿದ ಕೀರ್ತಿಯೂ ಸೇರಿತು.

ಇನ್ನು ಉಪಕಾರದ ವಿಷಯ. ಸ್ಕೌಟಾದವನು ದಿನಕ್ಕೊಂದು ಉಪಕಾರ ಮಾಡಲೇಬೇಕು. ಮರೆಯಬಾರದೆಂದು ಬೆಳಿಗ್ಗೆ ಎದ್ದೊಡನೆ ಕೊರಳ ಸ್ಕಾರ್ಫಿನ ತುದಿಗೆ ಒಂದು ಗಂಟು ಹಾಕಬೇಕು. ಯಾರಿಗಾದರೂ ಉಪಕಾರ ಮಾಡಿದ ಮೇಲಷ್ಟೇ ಅದನ್ನು ಬಿಚ್ಚಬೇಕು. ಸಂಜೆ ಮೇಷ್ಟ್ರು ಗಂಟು ನೋಡುತ್ತಿದ್ದರು. ಒಮ್ಮೆ ನಾನು ಒಂದು ಮಾವಿನಹಣ್ಣು ತಿಂದು, "ಹಸಿದ ಸ್ಕೌಟಿಗೆ ಆಹಾರ ಕೊಟ್ಟೆ ಸಾರ್," ಎಂದು ಗಂಟು ಬಿಚ್ಚಿದ್ದೆ. ಯಾವ ಸ್ಕೌಟಿಗೆ ಎಂದು ಕೇಳಿದರು. ನನಗೇ ಎಂದೆ. ತನಗೆ ತಾನೇ ಮಾಡಿಕೊಂಡ ಉಪಕಾರ ಲೆಕ್ಕಕ್ಕೆ ಬರುವುದಿಲ್ಲವೆಂದು ಮೇಷ್ಟ್ರು ಅಂದೇ ತೀರ್ಪು ಕೊಟ್ಟರು. ಆ ಗಂಟಿನ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ಈಗಲೂ ಬೆಳಿಗ್ಗೆ ಹೆಗಲ ಟವಲಿನ ತುದಿಗೆ ಒಂದು ಗಂಟು ಹಾಕುತ್ತೇನೆ. ನಮ್ಮ ಮನೆಯಾಕೆ ಅದರಲ್ಲಿ ನಶ್ಯ ಕಟ್ಟಿಕೊಂಡಿದ್ದೇನೆಂದು ತಿಳಿದಿದ್ದಾಳೆ.

ದಳದ ಹುಡುಗರೆಲ್ಲ ಒಟ್ಟಿಗೆ ಉಪಕಾರಕ್ಕೆ ಹೊರಟರೆ ಒಂದು ಊರಿಗೆ ಏನಾಗಬಹುದೆಂಬುದನ್ನು ಅಂತರಸಂತೆಯವರನ್ನು ಕೇಳಬೇಕು. ಅಂದು ಸಂತೆ. ಹೊತ್ತು ಇಳಿಯುತ್ತಿತ್ತು, ಎಲ್ಲರ ಗಂಟೂ ಹಾಗೇ ಇತ್ತು. ಹೂತುಕೊಂಡ ಗಾಡಿಯೊಂದನ್ನು ತಳ್ಳಿ ಎಬ್ಬಿಸಿದರೆ ಎಲ್ಲರದೂ ಒಟ್ಟಿಗೆ ತೀರುತ್ತದೆಂದು ಸೀತಾರಾಮು ಹೇಳಿದ. ಇವನು ಶಾನುಭೋಗರ ಮಗ, ತರಗತಿಗೆ ಮೊದಲಿಗ. ಆದರೆ ಬೇಸಿಗೆ, ಎಲ್ಲೂ ಕೆಸರಿಲ್ಲ, ಒಂದು ಗಾಡಿಯೂ ಹೂತುಕೊಂಡಿರಲಿಲ್ಲ. ರಾಗಿ ಮೂಟೆ ಹೇರಿಕೊಂಡು ನೆಟ್ಟಗೆ ಹೋಗುತ್ತಿದ್ದ ಒಂದು ಗಾಡಿಗೇ ನಾವು ಕೈ ಹಾಕಿದೆವು.

"ಅಯ್ಯೋ ಬುಡ್ರಪ್ಪಾ! ಎತ್ತು ಅವ್ಪಾಟಿಗೆ ಅವು ಓಯ್ತಾವೆ, ನೀವ್ಯಾಕ್ ನೂಕೀರಿ?" ಎಂದು ಗಾಡಿಯವನು ಕೂಗಿದ.

"ಉಪಕಾರ ಮಾಡ್ತಾ ಇದೀವಿ, ಸುಮ್ಮನಿರಿ," ಎಂದ ಸೀತಾರಾಮು.

ಎತ್ತು ಬೆದರಿ ಗಾಡಿ ಚರಂಡಿಗೆ ಇಳಿಯಿತು. ಈಗ ನಿಜವಾಗಿಯೂ ಸಿಕ್ಕಿಕೊಂಡಿತು. ಸಂತೋಷದಿಂದ ಎತ್ತಿ ಮೇಲೆ ಹಾಕಿದೆವು. ಗಾಡಿಯವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, "ನಿಮ್ ಉಪ್ಕಾರ ಮುಗೀತಾ, ಇನ್ನೂ ಐತಾ?" ಎಂದು ಕೇಳಿದ. ಎಲ್ಲರೂ ಗಂಟು ಬಿಚ್ಚುತ್ತಿದ್ದಾಗ ಒಬ್ಬನು ಮಾತ್ರ ಚಕ್ರದ ಬಳಿ ಕುಳಿತಿದ್ದ. ನಮ್ಮ ನೂಕಾಟದಲ್ಲಿ ಬಿದ್ದುಹೋಗಿದ್ದ ಕಡಾಣಿಯನ್ನು ಚರಂಡಿಯಲ್ಲಿ ಹುಡುಕಿ ತೆಗೆದು, ಅಚ್ಚಿನ ತುದಿಗೆ ಹೊಡೆದು ಕೂರಿಸುತ್ತಿದ್ದ. ಇಲ್ಲದಿದ್ದರೆ ಮುಂದಿನ ತಿರುವಿನಲ್ಲಿ ಚಕ್ರ ಒಂದು ಕಡೆ, ಗಾಡಿ ಒಂದು ಕಡೆ ಹೋಗುತ್ತಿತ್ತು.

ಅವನು ದಸ್ತಗೀರ. ನಾವು ದಸ್ತು ಎನ್ನುತ್ತಿದ್ದೆವು. ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುತ್ತಿದ್ದ ಖಾಸಿಂ ಸಾಬರ ಮಗ. ನನ್ನ ಪಕ್ಕದ ಬೆಂಚಿನವನು, ಗಣಿತದಲ್ಲಿ ನನ್ನ ಅನ್ನದಾತ.

ಖಾಸಿಂ ಸಾಬರಿಗೆ ಮಗನ ಓದಿನಲ್ಲಿ ನಂಬಿಕೆ ಇರಲಿಲ್ಲ. ಆ ಬೇಸಿಗೆ ಕ್ಯಾಂಪಿಗೆ ಕಳುಹಿಸಿರೆಂದು ಕೇಳಲು ನಾನೇ ದಸ್ತುವಿನ ಜೊತೆ ಹೋಗಿದ್ದೆ. ಅವರು ಕೊಡತಿ ಕೆಳಗಿಡದೆ ಮಾತಾಡಿದರು.

"ಅಗ್ಗಕ್ಕೆ ಗಂಟು ಆಕೋದ ಕಲಿಯಾಕೆ ಇಸ್ಕೂಲಾ? ರಜ ಮುಗುದ್ ಮ್ಯಾಕೆ ಕಾರ್ಖಾನೇಗೆ ಬಾ ಅಂದಿದೀನಿ. ಏಯ್ ಚನ್ನಾ, ನೀನೇ ಯೋಳಪ್ಪಾ, ಇವನು ಓದಿ ಏನಾಯ್ತಾನೆ?"

"ಈ ಸಲ ಬ್ಯಾಡ್ಜ್ ಕೊಡ್ತಾರೆ ಸಾಬರೇ. ಮೈಸೂರಿಂದ ಪರೀಕ್ಷೆ ಮಾಡೋಕೆ ಬತ್ತಾರೆ. ತಗೊಂಡೋರು ದಸರಾಕ್ಕೆ ಮಹಾರಾಜರ ಮುಂದೆ ನಡೀಬೋದು," ಎಂದೆ.

ಕೊಡತಿ ನಿಂತಿತು. "ಮಾರಾಜ್ರ ಮುಂದೆ?" ಎಂದು ಮಗನನ್ನು ನೋಡಿದರು. "ಸರಿ. ಅದೇನೋ ತಂದು ನನಗೆ ತೋರ್ಸು. ತಂದ್ರೆ ಇಸ್ಕೂಲು. ಇಲ್ಲಾಂದ್ರೆ ಕಾರ್ಖಾನೆ. ಆಮ್ಯಾಕೆ ಅಳಂಗಿಲ್ಲ."

ಇಷ್ಟು ನನಗೆ ಗೊತ್ತಿತ್ತು. ನನ್ನ ಎದುರಿಗೇ ಆಡಿದ ಮಾತು. ನಿಮಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನನಗೆ ಗೊತ್ತಿರಲಿಲ್ಲವೆಂದು ನಾನು ಜಾರಿಕೊಳ್ಳಬಾರದು ನೋಡಿ.

ಕ್ಯಾಂಪು ವೀರನಹೊಸಹಳ್ಳಿಯಲ್ಲಿ, ಕಾಡು ಶುರುವಾಗುವ ಅಂಚಿನಲ್ಲಿ. ಸ್ಕೌಟಿಗೆ ಪ್ರತಿಯೊಬ್ಬ ಸ್ಕೌಟೂ ಸಹೋದರ ಎಂಬ ನಿಯಮವನ್ನು ಧ್ವಜದ ಕೆಳಗೆ ನಿಂತು ಒಟ್ಟಿಗೆ ಕೂಗಿದೆವು. ಕೂಗಿದ ಕೂಡಲೆ ಸಹೋದರರಿಗೆಲ್ಲ ಒಲೆ ಬೇರೆ ಬೇರೆ ಹೂಡಿದೆವು. ನೇರಳೆ ಮರದ ಕೆಳಗೆ ಮೇಷ್ಟ್ರು, ಸೀತಾರಾಮು ಮತ್ತು ಅವರ ಕಡೆಯವರ ಒಲೆ. ನಡುವೆ ನಮ್ಮ ಒಕ್ಕಲು ಮಕ್ಕಳ ಒಲೆ. ಹಳ್ಳದ ಕಡೆ, ಗಾಳಿ ಇತ್ತ ಬೀಸದ ಜಾಗ ನೋಡಿ, ಸಾಬರ ಹುಡುಗರ ಒಲೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಭ್ರಾತೃತ್ವದ ಮೇಲೆ ಸಂಜೆ ಭಾಷಣ ಮಾಡಿದವನು ನಾನೇ. ಎಲ್ಲ ಒಲೆಯವರೂ ಚಪ್ಪಾಳೆ ತಟ್ಟಿದರು, ಅವರವರ ಒಲೆಯ ಬಳಿ ಕುಳಿತು.

ಅಡಿಗೆಯ ಬ್ಯಾಡ್ಜಿಗೆ ನಿಂತವರು ಇಬ್ಬರೇ, ನಾನು ಮತ್ತು ದಸ್ತು. ಪರೀಕ್ಷೆಯ ದಿನ ಬೆಳಗಿನ ಜಾವ ಮಳೆ ಹೊಡೆಯಿತು. ಮೇಷ್ಟ್ರ ಬೆಂಕಿಪೊಟ್ಟಣವೂ ತೇವವಾಗಿತ್ತು. ಅದರಿಂದಲೇ ನಮಗಿಬ್ಬರಿಗೂ ಎರಡೆರಡು ಕಡ್ಡಿ ಎಣಿಸಿಕೊಟ್ಟು, "ಸ್ಕೌಟಿನ ಮಾತನ್ನು ನಂಬಬೇಕು ಅನ್ನೋದೇ ಮೊದಲನೇ ನಿಯಮ. ಕಾವಲು ಇರೋಲ್ಲ," ಎಂದು ಹೇಳಿ, ಕಾಫಿಗಾಗಿ ಕಾಯುತ್ತ ಡೇರೆಯೊಳಗೆ ಹೋದರು. ಪರೀಕ್ಷಕರು ಇನ್ನೂ ಬಂದಿರಲಿಲ್ಲ.

ದಸ್ತು ಕಡ್ಡಿಯ ತಲೆಯನ್ನು ತನ್ನ ಕೂದಲಿಗೆ ಮೆಲ್ಲಗೆ ಉಜ್ಜಿದ. ಊರಿನಿಂದ ಒಂದು ತಗಡಿನ ಡಬ್ಬಿಯಲ್ಲಿ, ಮರ ಹೆರೆದಾಗ ಉದುರುವ ಸುರುಳಿ ಸಿಪ್ಪೆ ತುಂಬಿಕೊಂಡು ಬಂದಿದ್ದ. ಒಂದೇ ಕಡ್ಡಿ. ಒಲೆ ಹತ್ತಿಕೊಂಡಿತು. ನನ್ನ ಒಂದನೆಯ ಕಡ್ಡಿ ಮುರಿಯಿತು, ಎರಡನೆಯದು ಬುಸ್ ಎಂದಿತು.

ನಮ್ಮ ಊರುಗಳಲ್ಲಿ ಒಲೆ ಹತ್ತದಿದ್ದರೆ ಏನು ಮಾಡುತ್ತಾರೆಂದು ನಿಮಗೆ ಗೊತ್ತು. ಚಿಪ್ಪು ಹಿಡಿದು ಪಕ್ಕದ ಮನೆಗೆ ಕೆಂಡಕ್ಕೆ ಹೋಗುತ್ತಾರೆ. ನಾನೂ ಒಂದು ತೆಂಗಿನ ಚಿಪ್ಪು ಹಿಡಿದು ಹಳ್ಳದ ಕಡೆ ಹೋದೆ.

"ದಸ್ತೂ, ಒಂದು ಕೆಂಡ ಕೊಡ್ಲಾ."

"ಏನ್ಲಾ, ಎರಡೂ ಮುಗುಸ್ಕಂಡಾ?"

"ಮಳೆ ಕಣ್ಲಾ."

"ಮಳೆ ನನ್ ಮ್ಯಾಲೂ ಉಯ್ತಲ್ಲ."

"ಕೊಡ್ತೀಯೋ ಇಲ್ವೋ?"

"ಕೊಡ್ದೆ ಏನು, ಚಿಪ್ಪು ತತ್ತಾ." ಚೆನ್ನಾಗಿ ಹತ್ತಿದ್ದ ಕೊಳ್ಳಿಯನ್ನೇ ಕುಟ್ಟಿ ಕೆಂಡ ತುಂಬಿಕೊಟ್ಟ. ಆಮೇಲೆ ಕೊರಳಿಗೆ ಕೈ ಹಾಕಿ ಸ್ಕಾರ್ಫಿನ ಗಂಟು ಬಿಚ್ಚಿದ. "ಇವತ್ತಿಂದು ಮುಗೀತು. ಇನ್ನ ಸಂಜೆಗಂಟ ನಾನ್ ಯಾರ್ಗೂ ಒಳ್ಳೇದ್ ಮಾಡಂಗಿಲ್ಲ, ಓಗು," ಎಂದು ನಕ್ಕ.

ಚಿಪ್ಪು ಕೈ ಸುಟ್ಟು, ನಾನು ಓಡಿ, ದಾರಿಯುದ್ದಕ್ಕೂ ಕೆಂಡ ಉದುರಿದವು. ಉಳಿದಷ್ಟರಲ್ಲಿ ನನ್ನ ಒಲೆ ಹತ್ತಿತು. ಅಷ್ಟು ಹೊತ್ತಿಗೆ ಸೀತಾರಾಮು ಬಂದ. ಅವರ ಒಲೆಯೂ ಹತ್ತಿರಲಿಲ್ಲ, ಮೇಷ್ಟ್ರು ಡೇರೆಯೊಳಗಿನಿಂದ ಕೆಮ್ಮುತ್ತಿದ್ದರು. ಕಾಫಿಯಾಗುವವರೆಗೆ ಅವರ ಕೆಮ್ಮಿಗೆ ಒಂದು ಬೇರೆಯೇ ಧ್ವನಿ. ಗೌಡರ ಒಲೆಯ ಬೆಂಕಿ ತಂದರೆ ಆದೀತೇ ಎಂದು ಸೀತಾರಾಮು ಕೇಳಿದ್ದಕ್ಕೆ, ಅಗ್ನಿಗೆ ಮೈಲಿಗೆ ಇಲ್ಲವೆಂದು ಒಳಗಿನಿಂದಲೇ ಅಪ್ಪಣೆಯಾಯಿತಂತೆ. ನನ್ನ ಒಲೆಗೆ ಬೆಂಕಿ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ಒಂದು ಗಳಿಗೆಯಲ್ಲಿ ಮೂರು ಒಲೆಗಳೂ ದಸ್ತುವಿನ ಆ ಒಂದು ಕಡ್ಡಿಯಿಂದ ಉರಿಯುತ್ತಿದ್ದವು. ಮೇಷ್ಟ್ರು ಕಾಫಿ ಕುಡಿದು, "ಇವತ್ತು ಕಾಫಿ ಬಲು ಚೆನ್ನಾಗಿದೆ," ಎಂದರು.

ಪರೀಕ್ಷಕರು ಟೋಪಿ ತೆಗೆದು ಮರದ ಕೊಂಬೆಗೆ ಸಿಕ್ಕಿಸಿದವರೇ ನೆಲ ನೋಡಿದರು. ನಮಗೆ ಜಾಡು ಹಿಡಿಯುವ ವಿದ್ಯೆಯನ್ನು ವರ್ಷವಿಡೀ ಕಲಿಸಿದ್ದರು. ಅದನ್ನು ಕಲಿತಿದ್ದ ಮನುಷ್ಯರನ್ನು ನಾನು ನೋಡಿದ್ದು ಅಂದೇ. ಹಳ್ಳದ ಒಲೆಯಿಂದ ನನ್ನ ಒಲೆಯವರೆಗೆ ಹಸಿ ಹುಲ್ಲಿನ ಮೇಲೆ ಕರಿ ಇದ್ದಿಲು ಸಾಲಾಗಿ ಬಿದ್ದಿತ್ತು.

"ಇಲ್ಲಿ ಯಾರೋ ಬೆಂಕಿ ಹೊತ್ತಿದ್ದಾರೆ. ಯಾರು ಯಾರಿಂದ ತಂದಿರಿ?"

ನಾನು ಬಾಯಿ ತೆರೆಯುವ ಮುಂಚೆ ಮೇಷ್ಟ್ರೇ ಹೇಳಿದರು: "ಚನ್ನ ತಂದಿರೋಕೆ ಸಾಧ್ಯವಿಲ್ಲ ಸ್ವಾಮಿ. ಒಳ್ಳೇ ಮನೆತನದ ಹುಡುಗ. ಆ ಒಲೆಯಿಂದ ನಮ್ಮ ಕಡೆಯೋರು ಬೆಂಕಿ ತರೋದುಂಟೇ?"

ಬೇರೆ ಯಾವ ನಾಡಿನಲ್ಲಾದರೂ ಇದ್ದಿಲಿನ ಸಾಲು ನೋಡಿ ತೀರ್ಮಾನಿಸುತ್ತಿದ್ದರು. ನಮ್ಮಲ್ಲಿ ಜಾತಿ ನೋಡಿದರೆ ಸಾಕು, ಬೆಂಕಿ ಯಾವ ದಿಕ್ಕಿಗೆ ನಡೆಯಿತೆಂದು ಗೊತ್ತಾಗಿಬಿಡುತ್ತದೆ.

ದಸ್ತು ಅಂಗೈ ಬಿಚ್ಚಿ ತನ್ನಲ್ಲಿ ಉಳಿದಿದ್ದ ಕಡ್ಡಿ ತೋರಿಸಿದ. "ಒಂದೇ ಗೀರಿದ್ದು ಸಾರ್. ಇದು ಉಳೀತು."

"ಅದೇ ನೋಡಿ," ಎಂದರು ಮೇಷ್ಟ್ರು. "ಒಂದು ಹತ್ತಲಿಲ್ಲ, ಕೆಂಡ ತಂದ. ಕೆಂಡ ಸಿಕ್ಕಿದವನಿಗೆ ಇನ್ನೊಂದು ಕಡ್ಡಿ ಯಾಕೆ ಬೇಕು?" ಆಮೇಲೆ ಅವನ ಕೊರಳು ನೋಡಿದರು. "ಗಂಟು ಎಲ್ಲೋ? ಬೆಳಿಗ್ಗೆ ಬೆಳಿಗ್ಗೇನೇ ಬಿಚ್ಚಿದ್ದೀಯಲ್ಲ, ಯಾರಿಗೆ ಏನು ಉಪಕಾರ ಮಾಡಿದೆ?"

ದಸ್ತು ನನ್ನನ್ನು ನೋಡಿದ. "ಚನ್ನನ್ನ ಕೇಳಿ ಸಾರ್," ಎಂದ. "ಅವನು ಯೋಳ್ತಾನೆ."

ಪರೀಕ್ಷಕರು ಕೇಳಿದರು. ನ್ಯಾಯವಂತರು, ಎರಡು ಸಲ ಕೇಳಿದರು. ಆಗ ನನ್ನ ತಲೆಯಲ್ಲಿ ಏನೇನು ಓಡಿತೆಂದು ಈಗ ಚೆನ್ನಾಗಿ ವಿವರಿಸಬಲ್ಲೆ. ನಿಜ ಹೇಳಿದರೆ ಮೇಷ್ಟ್ರ ಹೊಟ್ಟೆಯಲ್ಲಿರುವ ಕಾಫಿಯ ಗತಿಯೇನು, ಸೀತಾರಾಮುವಿನ ಅನ್ನ ಚೆಲ್ಲಬೇಕಾಗುತ್ತದಲ್ಲ, ನನ್ನ ಕಡೆಯ ಹುಡುಗರು ಉಪವಾಸ ಬೀಳುತ್ತಾರಲ್ಲ ಎಂದೆಲ್ಲ. ಎಂಥ ಪರೋಪಕಾರಿ ಯೋಚನೆಗಳು! ಇವೆಲ್ಲ ಆಮೇಲೆ ವರ್ಷಗಟ್ಟಲೆ ಕುಳಿತು ಹೊಸೆದವು. ಆಗ ಇದ್ದದ್ದು ಒಂದೇ, ಆ ಬ್ಯಾಡ್ಜು ನನಗೆ ಬೇಕಾಗಿತ್ತು. ಮೂರು ಬೆರಳೆತ್ತಿ ಹಣೆಗಿಟ್ಟು, "ನನ್ನ ಒಲೆ ನಾನೇ ಹಚ್ಚಿದ್ದು ಸಾರ್, ಸ್ಕೌಟಿನ ಆಣೆ," ಎಂದೆ.

ದಸ್ತು ಜಗಳವಾಡಲಿಲ್ಲ. ನಡೆದು ಬಂದು, ಉಳಿದಿದ್ದ ಆ ಕಡ್ಡಿಯನ್ನು ನನ್ನ ಒಲೆಗೆ ಎಸೆದ. ಅದು ಫಕ್ಕನೆ ಹತ್ತಿ ಉರಿಯಿತು. ನನ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ತೇರ್ಗಡೆಯಾದೆ.

ದಸರೆಗೆ ಮೈಸೂರಿಗೆ ಹೋದೆ. ಮಹಾರಾಜರ ಮುಂದೆ ನಡೆದೆನೆಂದು ಊರಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಾನು ಕಂಡದ್ದು ನನ್ನ ಮುಂದಿನ ಹುಡುಗನ ಕತ್ತನ್ನು, ಅದರ ಮೇಲೊಂದು ಕುರುವನ್ನು. ಮಹಾರಾಜರು ಬಲಗಡೆ ಇದ್ದರಂತೆ. ಆ ಹೊತ್ತಿಗೆ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿಗೆ ಬೇರೆಯವನು ಬಂದಿದ್ದ. ಅವನಿಗೆ ಗಣಿತ ಬರುತ್ತಿರಲಿಲ್ಲ. ನಾನು ಆ ವಿಷಯಕ್ಕೂ ದಸ್ತುವಿನ ಮೇಲೆಯೇ ಸ್ವಲ್ಪ ಸಿಟ್ಟಾಗಿದ್ದೆ ಎಂದರೆ ನನ್ನ ಯೋಗ್ಯತೆ ನಿಮಗೆ ಅರ್ಥವಾದೀತು.

ಹೈಸ್ಕೂಲು ಮುಗಿಸಿ ಊರಿಗೆ ಬಂದು ಜಮೀನು ನೋಡಿಕೊಂಡಿದ್ದೆ. ಕೆಲವು ವರ್ಷಗಳ ಮೇಲೆ ನಮ್ಮ ಗಾಡಿಯ ಚಕ್ರ ಮುರಿಯಿತು. ಹುಣಸೂರಿಗೆ ಹೋಗಿ ಮಾಡಿಸಿಕೊಂಡು ಬಾ ಎಂದು ಅಪ್ಪ ಕಳುಹಿಸಿದರು. "ದಸ್ತಗೀರ್ ಮಿಸ್ತ್ರಿ ತಾವ್ಲೇ ಮಾಡ್ಸು, ಅವನ್ ಚಕ್ರ ನಮ್ಮ್ ಮೊಮ್ಮಕ್ಕಳಗಂಟ ಬತ್ತದೆ," ಎಂದರು. ಮುರಿದ ಚಕ್ರವನ್ನು ಪಕ್ಕದ ಮನೆಯವರ ಗಾಡಿಗೆ ಹೇರಿ, ಜೇಬಿನಲ್ಲಿ ಬ್ಯಾಡ್ಜು ಇಟ್ಟುಕೊಂಡು ಹೋದೆ.

ನಿಮಗೆ ಗೊತ್ತಿರಬಹುದು, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವಾಗ, ಪಟ್ಟಾದ ಸುತ್ತ ಬೆರಣಿ ಒಟ್ಟಿ ಬೆಂಕಿ ಕೊಟ್ಟು ಕೆಂಪಗೆ ಕಾಯಿಸುತ್ತಾರೆ. ಎಲ್ಲ ಒಟ್ಟಿಯಾಗಿತ್ತು. ದಸ್ತು ನನ್ನನ್ನು ನೋಡಿದ, ತೋಳಿನಿಂದ ಬೆವರು ಒರೆಸಿಕೊಂಡ, ಬೆಂಕಿಪೊಟ್ಟಣದಿಂದ ಎರಡು ಕಡ್ಡಿ ತೆಗೆದು ಕೊಟ್ಟ.

"ಬ್ಯಾಡ್ಜ್ ತಗೊಂಡೋನಲ್ವಾ. ಬೆಂಕಿ ಅಚ್ಚಪ್ಪಾ."

ಕೆಲಸದವರು ಸುತ್ತ ನಿಂತರು. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ಒಳ್ಳೆಯ ಬಿಸಿಲು. ಮೊದಲನೆಯದು ಮುರಿಯಿತು. ಎರಡನೆಯದು ಬುಸ್ ಎಂದಿತು. ಒಬ್ಬ ನಕ್ಕ. ದಸ್ತು ನಗಲಿಲ್ಲ. ಕುಲುಮೆಯ ತಿದಿಯ ಬಳಿ ಹೋಗಿ ಇಕ್ಕಳದಲ್ಲಿ ಒಂದು ದೊಡ್ಡ ಕೆಂಡ ಹಿಡಿದು ಬಂದು, "ಚಿಪ್ಪು ತಂದಿದ್ದೀಯಾ?" ಎಂದು ಕೇಳಿದ.

ಪಟ್ಟಾ ಚಕ್ರಕ್ಕೆ ಕೂತು, ನೀರು ಬಿದ್ದು, ಹಬೆಯೆಲ್ಲ ಅಡಗಿದ ಮೇಲೆ ನಾನು ಬ್ಯಾಡ್ಜು ತೆಗೆದು ಅವನ ಕೈಗಿಟ್ಟೆ. ತಪ್ಪಾಯಿತು ಎಂದೆ. ಅವನು ಅದನ್ನು ತಿರುವಿ ಮುರುವಿ ನೋಡಿದ. ಉರಿಯ ಕೆಂಪು ದಾರದ ಮೇಲೆ ಬೆರಳಾಡಿಸಿದ.

"ಚೆಂದಾಗೈತೆ," ಎಂದು ವಾಪಸು ಕೊಟ್ಟ. "ಇದು ಅಬ್ಬಾಗೆ ತೋರ್ಸಾಕೆ ಬೇಕಾಗಿತ್ತು ಕಣಪ್ಪಾ. ಅಬ್ಬಾ ಓಗ್ಬುಟ್ರು. ಈಗ ಯಾರ್ಗೆ ತೋರ್ಸ್ಲಿ?"

ಕಣಪ್ಪಾ ಎಂದ. ಕಣ್ಲಾ ಎನ್ನಲಿಲ್ಲ. ಆಮೇಲೆ ಎಂದೂ ಎನ್ನಲಿಲ್ಲ.

"ನಾನು ಮಾಡಿದ್ದು..." ಎಂದು ಮತ್ತೆ ಶುರು ಮಾಡಿದೆ.

"ಇಲ್ಯಾಕೆ ಯೋಳ್ತೀಯಾ? ಇಲ್ಲಿರೋರಿಗೆಲ್ಲ ಗೊತ್ತು. ಗೊತ್ತಿಲ್ದೋರ ತಾವ ಯೋಳು." ಅಷ್ಟು ಹೇಳಿ ಚಕ್ರ ಎತ್ತಿ ನಿಲ್ಲಿಸಿ, ಒಂದು ಸುತ್ತು ಉರುಳಿಸಿ ನೋಡಿ, "ಗಾಡಿ ಊಡ್ಕೊ, ಒತ್ತಾಯ್ತು," ಎಂದ.

ಗೊತ್ತಿಲ್ಲದವರೆಂದರೆ ಆಗ ಅನಂತಯ್ಯ ಮೇಷ್ಟ್ರು ಬದುಕಿದ್ದರು. ನಿವೃತ್ತರಾಗಿ ಮೈಸೂರಿನಲ್ಲಿದ್ದರು. ಒಂದು ಸಲ ಹೇಳಲೆಂದೇ ಅವರ ಮನೆಗೆ ಹೋದೆ. ಪ್ರೀತಿಯಿಂದ ಕೂರಿಸಿ, "ವೀರನಹೊಸಹಳ್ಳಿಯಲ್ಲಿ ಕುಡಿದಂಥ ಕಾಫಿ ಮತ್ತೆ ಕುಡಿಯಲಿಲ್ಲ ಕಣೋ," ಎಂದರು. ಆ ವಯಸ್ಸಿನಲ್ಲಿ ಅವರ ಹೊಟ್ಟೆ ಕೆಡಿಸುವುದೇಕೆಂದು ಸುಮ್ಮನೆ ಬಂದೆ. ನನ್ನ ಪರೋಪಕಾರ ಬುದ್ಧಿ ನೋಡಿದಿರಾ, ಎಲ್ಲಿ ಬೇಕೋ ಅಲ್ಲಿ ಸರಿಯಾಗಿ ಬರುತ್ತದೆ. ಆಮೇಲೆ ಅವರೂ ಹೋದರು, ಸೀತಾರಾಮುವೂ ಹೋದ. ದಸ್ತು ಹೋಗಿ ಎರಡು ಮಳೆಗಾಲ ಕಳೆಯಿತು. ಅವನ ಚಕ್ರ ಇನ್ನೂ ನಮ್ಮ ಗಾಡಿಯಲ್ಲಿದೆ, ಅಪ್ಪ ಹೇಳಿದ ಹಾಗೆ.

ಗೊತ್ತಿಲ್ಲದವರು ಎಂದು ಈಗ ಉಳಿದವರು ನೀವೇ. ಅದಕ್ಕೇ ಹೇಳಿದೆ. ಹೇಳಿ ಮುಗಿಸಿದಾಗ ಎದೆ ಹಗುರಾದಂತಾಯಿತು, ಸಂತೋಷದಿಂದ ಟವಲಿನ ಗಂಟಿಗೆ ಕೈ ಹಾಕಿದೆ. ಆಗ ಆ ಹಳೆಯ ಮಾವಿನಹಣ್ಣು ನೆನಪಾಯಿತು. ಇದರಿಂದ ಉಪಕಾರವಾದದ್ದು ಯಾರಿಗೆ ಎಂದು ಮೇಷ್ಟ್ರು ಕೇಳಿದರೆ ನನ್ನ ಹತ್ತಿರ ಉತ್ತರ ಒಂದೇ. ಗಂಟನ್ನು ಹಾಗೆಯೇ ಬಿಟ್ಟಿದ್ದೇನೆ.